ನಿಲ್ಲದ ಕರೆಗಂಟೆ ಮತ್ತು ಒಂದು ಮಾತ್ರೆ

ಕ್ಯಾನ್ಸರ್ ಬಗ್ಗೆ ವೈದ್ಯರನ್ನು ಕರೆಸಿ ಮಾತನಾಡಿಸಿದಾಗಲೆಲ್ಲ ವೀಕ್ಷಕರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಇದಕ್ಕೆ ಮಾತ್ರೆ ಇಲ್ಲವೇ?" ಎಲ್ಲ ಕ್ಯಾನ್ಸರ್‌ಗಳಿಗೂ ಇಲ್ಲ. ಆದರೆ ಒಂದು ಬಗೆಯ ರಕ್ತಕ್ಯಾನ್ಸರ್‌ಗೆ ಇದೆ. ಅದು ನಮ್ಮ ಕೈಗೆ ಬರಲು 41 ವರ್ಷ ಹಿಡಿಯಿತು. ಆ ಕಥೆಯನ್ನು ನೀವು ತಿಳಿಯಬೇಕು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳ ರಕ್ತಕಣಗಳಲ್ಲಿ ಗಿಡ್ಡನೆಯ ವರ್ಣತಂತುವೊಂದನ್ನು ಕಂಡರು. ಅದಕ್ಕೆ ಆ ಊರಿನ ಹೆಸರೇ ಬಂತು. ಅದು ರೋಗದ ಕಾರಣವೋ, ಪರಿಣಾಮವೋ ಯಾರಿಗೂ ತಿಳಿಯಲಿಲ್ಲ.

1970ರ ದಶಕದ ಆರಂಭದಲ್ಲಿ ಷಿಕಾಗೋದ ಜಾನೆಟ್ ರೌಲಿ ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿ, ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಾಳೆಂದು ಮಕ್ಕಳಿಗೆ ತಮಾಷೆ. ಆದರೆ 1973ರಲ್ಲಿ ಗುಟ್ಟು ಹೊರಬಿದ್ದದ್ದು ಆ 'ಆಟ'ದಿಂದಲೇ. 22ನೆಯ ವರ್ಣತಂತುವಿನ ತುಂಡು ಕಳೆದುಹೋಗಿರಲಿಲ್ಲ; 9ನೆಯದಕ್ಕೆ ಹೋಗಿ ಅಂಟಿಕೊಂಡಿತ್ತು. ಈ ಅದಲುಬದಲಿನಲ್ಲಿ ಎರಡು ಜೀನ್‌ಗಳು ಬೆಸೆದು ಹೊಸದೊಂದು ಕಿಣ್ವ ಹುಟ್ಟುತ್ತದೆ ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು.

ಆ ಕಿಣ್ವ ಮಾಡುವುದೇನು? ಜೀವಕೋಶ ತನ್ನಷ್ಟಕ್ಕೆ ತಾನು ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಕರೆ ಬರಬೇಕು. ಆ ಕರೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಒಳಗೆ ಮುಟ್ಟಬೇಕು. ಬಾಗಿಲ ಕರೆಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಹೇಗೆ? ಯಾರೂ ಬಾರದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಇಲ್ಲಿ ಆಗುವುದೂ ಅದೇ. ಬಿಳಿ ರಕ್ತಕಣಗಳು ಲೆಕ್ಕವಿಲ್ಲದೆ ಹೆಚ್ಚುತ್ತವೆ.

ಕರೆಯನ್ನು ಮುಂದೆ ದಾಟಿಸಲು ಈ ಕಿಣ್ವಕ್ಕೆ ಎ.ಟಿ.ಪಿ. ಎಂಬ ಅಣು ಬೇಕು. ಅದು ಬಂದು ಕೂರಲು ಕಿಣ್ವದಲ್ಲಿ ಒಂದು ಜಾಗವಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಆ ಜಾಗವನ್ನು ಮೊದಲೇ ಹಿಡಿಯುವ ರಾಸಾಯನಿಕವೇ ಇಮ್ಯಾಟಿನಿಬ್. ಸ್ವಿಟ್ಜರ್‌ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲೈಡನ್ ತಂಡ ಇದನ್ನು ರೂಪಿಸಿತು. ರೋಗಿಗಳ ಸಂಖ್ಯೆ ಕಡಿಮೆಯೆಂದು ಕಂಪನಿ ಹಿಂಜರಿದರೂ ಆರೆಗಾನ್‌ನ ವೈದ್ಯ ಬ್ರಯನ್ ಡ್ರೂಕರ್ ಪಟ್ಟು ಬಿಡಲಿಲ್ಲ. 1998ರ ಜೂನ್‌ನಲ್ಲಿ ರೋಗಿಗಳ ಮೇಲೆ ಪ್ರಯೋಗ ಆರಂಭವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ 10ರಂದು ಅಮೆರಿಕ ಅನುಮತಿ ನೀಡಿತು.

ಮದ್ದು ಸಿಕ್ಕರೆ ಸಾಕೇ? ಕೊಳ್ಳಲೂ ಆಗಬೇಕಲ್ಲ! 2013ರ ಸುಮಾರಿಗೆ ನಮ್ಮ ದೇಶದಲ್ಲಿ ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಭಾರತೀಯ ಕಂಪನಿಗಳದ್ದು ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮೂಲ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಮಾತ್ರೆ ಉಳಿಯಿತು.

ಕೆಲವರಲ್ಲಿ ಆ ಕಿಣ್ವ ರೂಪ ಬದಲಿಸಿ ಮದ್ದಿಗೆ ಜಗ್ಗದು. ಅವರಿಗಾಗಿ ಬೇರೆ ಮಾತ್ರೆಗಳು ಬಂದಿವೆ. ಒಂದು ಕಾಲಕ್ಕೆ ಕೆಲವೇ ವರ್ಷಗಳ ಆಯುಷ್ಯ ಎನ್ನುತ್ತಿದ್ದ ಈ ಕಾಯಿಲೆಯ ಬಹುಪಾಲು ರೋಗಿಗಳು ಇಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ ಒಂದು ಮಾತು ಹೇಳಿ: ಮೈ ಹಗುರಾಯಿತೆಂದು ತಾವಾಗಿ ಮಾತ್ರೆ ಬಿಡುವುದು ಬೇಡ. ಗುಂಡಿ ಇನ್ನೂ ಅಲ್ಲೇ ಇರಬಹುದು.