ಪಡಿಯಚ್ಚಿನ ಮನುಷ್ಯರು

ಹಿಂದೆ ಅಚ್ಚುಕೂಟಗಳಲ್ಲಿ ಒಂದು ಪದ್ಧತಿಯಿತ್ತು. ಮೊಳೆಗಳನ್ನು ಜೋಡಿಸಿದ ಪುಟದಿಂದ ಪಡಿಯಚ್ಚನ್ನು ತೆಗೆದು ಅದರಲ್ಲಿ ಲೋಹವನ್ನು ಎರಕ ಹೊಯ್ದರೆ, ದೊರೆತ ಒಂದೇ ಫಲಕದಿಂದ ಸಾವಿರಾರು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಪುನಃ ಮೊಳೆ ಜೋಡಿಸುವ ಶ್ರಮವಿರಲಿಲ್ಲ. ಆದರೆ ಫಲಕದಲ್ಲಿ ಒಂದಕ್ಷರ ತಪ್ಪಿದ್ದರೆ ಸಾವಿರ ಪ್ರತಿಗಳಲ್ಲಿಯೂ ಅದೇ ತಪ್ಪು. ಅಮೆರಿಕದ ಪತ್ರಿಕಾಲೇಖಕನಾದ ವಾಲ್ಟರ್ ಲಿಪ್‌ಮನ್ ಎಂಬಾತನು ಲೋಕಾಭಿಪ್ರಾಯವನ್ನು ಕುರಿತು 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಸುಬಿನ ಹೆಸರನ್ನು ಮನುಷ್ಯನ ಮನೋವ್ಯಾಪಾರಕ್ಕೆ ಅನ್ವಯಿಸಿದನು. ಒಬ್ಬನನ್ನು ಕಾಣುವುದಕ್ಕೆ ಮೊದಲೇ ಅವನ ಕುಲದ ಹೆಸರಿನಿಂದ ಅವನ ಗುಣವನ್ನು ನಿಶ್ಚಯಿಸುವುದು ಇಂಥ ಪಡಿಯಚ್ಚಿನ ಕೆಲಸವೇ ಸರಿ. ಜನರು ಹೀಗೇಕೆ ಮಾಡುವರೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ಸ್ಪಷ್ಟವಾದ ನಿದರ್ಶನವಿದೆ.

ಬ್ರಿಟಿಷ್ ಸರ್ಕಾರದವರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿದರು. ಯಾವುದಾದರೊಂದು ಬುಡಕಟ್ಟು ಅಪರಾಧಗಳನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿದೆಯೆಂದು ಸರ್ಕಾರಕ್ಕೆ ತೋರಿದರೆ, ಅದನ್ನು ಹಾಗೆಂದು ಘೋಷಿಸಿ, ಅದರ ಜನರ ಹೆಸರುಗಳನ್ನು ದಾಖಲೆಯಲ್ಲಿ ಬರೆದಿಡಲು ಈ ಕಾಯಿದೆಯು ಅಧಿಕಾರವಿತ್ತಿತು. ಘೋಷಣೆಯು ಸರಿಯೇ ತಪ್ಪೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ದಾಖಲಾದವನು ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ರಹದಾರಿಯಿಲ್ಲದೆ ಗೊತ್ತಾದ ಎಲ್ಲೆಯನ್ನು ದಾಟಕೂಡದು. ಮೊದಲು ಉತ್ತರ ಹಿಂದೂಸ್ಥಾನದಲ್ಲಿ ನಡೆದ ಈ ಶಾಸನವು 1876ರಲ್ಲಿ ಬಂಗಾಳಕ್ಕೂ, 1911ರಲ್ಲಿ ಹೊಸ ರೂಪವನ್ನು ತಾಳಿ ಮದರಾಸು ಮುಂತಾದ ಉಳಿದ ಪ್ರಾಂತಗಳಿಗೂ ವ್ಯಾಪಿಸಿತು.

ಹೀಗೆ ಗುರುತು ಮಾಡಲ್ಪಟ್ಟವರಲ್ಲಿ ಬಹುಮಂದಿ ಸಂಚಾರಿಗಳು. ಅವರ ಹಿಂದಣ ಬಾಳುವೆಯನ್ನು ನೋಡಿದರೆ ವಿಷಯವು ತಿಳಿಯಾಗುವುದು. ರೈಲುಗಳಿಲ್ಲದ ಕಾಲದಲ್ಲಿ ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು, ಕರಾವಳಿಗೂ ಒಳನಾಡಿಗೂ ಸಂಬಂಧವನ್ನು ಕಲ್ಪಿಸಿದವರು ಲಂಬಾಣಿಗಳು, ಕೊರಚರು ಮೊದಲಾದವರು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯವನ್ನು ಒದಗಿಸಿದವರಲ್ಲಿ ಲಂಬಾಣಿಗಳು ಮುಖ್ಯರು. ಅಂದು ಅವರ ಸಂಚಾರವು ಕುಂಪಣಿಗೆ ಉಪಕಾರವಾಗಿತ್ತು. ತರುವಾಯ ರೈಲುಹಾದಿಗಳು ಹಬ್ಬಿದವು. ಉಪ್ಪಿನ ವ್ಯವಹಾರವು ಸರ್ಕಾರದ ಹಿಡಿತಕ್ಕೆ ಸಿಕ್ಕಿತು. ಹೇರೆತ್ತುಗಳಿಗೆ ಕೆಲಸ ತಪ್ಪಿತು. ಕಸುಬು ಹೋದ ಮೇಲೂ ತಿರುಗಾಟವು ಉಳಿದುದರಿಂದ, ಅದೇ ತಿರುಗಾಟವು ಈಗ ಸಂಶಯಕ್ಕೆ ಕಾರಣವಾಯಿತು. ಇವರೊಳಗೆ ಕಳ್ಳತನ ಮಾಡಿದವರು ಇರಲಿಲ್ಲವೆಂದು ಯಾರೂ ಹೇಳಲಾರರು. ಹಸಿವು ಎಲ್ಲ ಕುಲದಲ್ಲಿಯೂ ಕೆಲವರನ್ನು ಆ ದಾರಿಗೆ ಹಚ್ಚುವುದು. ಕೆಲವರ ಕೃತ್ಯವನ್ನು ಹುಟ್ಟುವ ಕೂಸಿನ ಮೇಲೂ ಹೊರಿಸಿದುದೇ ಇಲ್ಲಿಯ ವಿಶೇಷ.

ಇದಕ್ಕೆ ಮೊದಲನೆಯ ಕಾರಣವು ಭಯ. 1857ರ ದಂಗೆಯ ನೆನಪು ಮಾಸದಿದ್ದ ಆಳರಸರಿಗೆ, ಮನೆ ಹೊಲಗಳಿಲ್ಲದೆ, ಕಂದಾಯದ ಲೆಕ್ಕಕ್ಕೆ ಸಿಕ್ಕದೆ ಅಲೆಯುವ ಜನರನ್ನು ಕಂಡರೆ ನೆಮ್ಮದಿಯಿರಲಿಲ್ಲ. ಎರಡನೆಯದು ಸೌಕರ್ಯ. ಒಬ್ಬೊಬ್ಬನನ್ನೂ ವಿಚಾರಿಸಿ ನಿರ್ಣಯಿಸುವುದಕ್ಕೆ ಕಾಲ ಬೇಕು, ಸಾಕ್ಷಿ ಬೇಕು; ಕುಲದ ಹೆಸರೊಂದನ್ನು ಪಟ್ಟಿಯಲ್ಲಿ ಸೇರಿಸುವುದಕ್ಕೆ ಲೇಖನಿಯೊಂದು ಸಾಕು. ಮೂರನೆಯದು ನಮ್ಮಿಂದಲೇ ಅವರು ಕಲಿತದ್ದು. ನೆಯ್ಗೆ ನೇಕಾರನ ಮಗನಿಗೆ, ಬಡಗಿತನ ಬಡಗಿಯ ಮಗನಿಗೆ ಎಂಬ ನಮ್ಮ ಸಮಾಜದ ಏರ್ಪಾಡನ್ನು ಕಂಡವರು, ಕಳ್ಳತನವೂ ಹಾಗೆಯೇ ತಂದೆಯಿಂದ ಮಗನಿಗೆ ಇಳಿಯುವುದೆಂದು ತರ್ಕಿಸಿದರು. ಈ ತರ್ಕವನ್ನು ಊರವರಾರೂ ಎದುರಿಸಲಿಲ್ಲ. ಕಾಯಿದೆಯು ಗ್ರಾಮದ ಮುಖ್ಯಸ್ಥರ ಮೇಲೆಯೂ ಕಾವಲುಗಾರರ ಮೇಲೆಯೂ ಇವರ ಚಲನವಲನಗಳನ್ನು ತಿಳಿಸುವ ಭಾರವನ್ನು ಹೊರಿಸಿತು. ರಂಗಸ್ಥಳದಲ್ಲಿ ಕೊರವಂಜಿಯ ವೇಷವನ್ನು ಕಂಡು ಮೆಚ್ಚಿ ನಗುವ ಮನೆಗಳಲ್ಲಿಯೇ, ಬುಟ್ಟಿ ಮಾರುವ ಕೊರವಿತಿ ಬಾಗಿಲಿಗೆ ಬಂದಾಗ ಪಾತ್ರೆಪದಾರ್ಥಗಳನ್ನು ಒಳಗಿಡುವುದು ರೂಢಿಯಾಯಿತು.

ಒಮ್ಮೆ ಎರಕ ಹೊಯ್ದ ಫಲಕವು ತನ್ನ ಸಾಕ್ಷ್ಯವನ್ನು ತಾನೇ ಹುಟ್ಟಿಸಿಕೊಳ್ಳುವುದು ಗಮನಿಸತಕ್ಕ ಸಂಗತಿ. ಹಾಜರಿಗೆ ಬಾರದಿರುವುದು ಅಪರಾಧ. ರಹದಾರಿಯಿಲ್ಲದೆ ನೆಂಟರ ಊರಿಗೆ ಹೋಗುವುದು ಅಪರಾಧ. ಬೇರೆಯವರು ಮಾಡಿದರೆ ತಪ್ಪೆನಿಸದ ಕಾರ್ಯಕ್ಕೆ ಇವರಿಗೆ ಶಿಕ್ಷೆಯಾಯಿತು. ಆ ಶಿಕ್ಷೆಗಳ ಲೆಕ್ಕವನ್ನು ತೋರಿಸಿ, ಇವರು ಅಪರಾಧಿಗಳೆಂಬ ಮಾತು ನಿಜವೆಂದು ಹೇಳಲಾಯಿತು. ಹಾಜರಿಯ ಕಟ್ಟಿಗೆ ಒಳಗಾದವನಿಗೆ ದೂರದ ಸಂತೆಯಿಲ್ಲ. ಹೆಸರು ಕೆಟ್ಟವನಿಗೆ ಕೂಲಿ ಕೊಡುವವರಿಲ್ಲ. 1897ರ ತಿದ್ದುಪಡಿಯು ನಾಲ್ಕರಿಂದ ಹದಿನೆಂಟು ವಯಸ್ಸಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುವುದಕ್ಕೂ ಅವಕಾಶವಿತ್ತಿತು. 1911ರ ಕಾಯಿದೆಯು ಬೆರಳಚ್ಚನ್ನು ತೆಗೆದುಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಮುಂಬಯಿ ಪ್ರಾಂತದಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇವರಿಗಾಗಿ ಸೆಟ್ಲಮೆಂಟುಗಳೆಂಬ ಕಾವಲಿನ ವಸತಿಗಳು ಏರ್ಪಟ್ಟವು. ಹುಬ್ಬಳ್ಳಿಯಲ್ಲಿ ಆ ಹೆಸರು ಬಡಾವಣೆಗೆ ಇಂದಿಗೂ ಉಳಿದಿದೆ.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಈ ಕಾಯಿದೆಯನ್ನು ತೊಡೆದುಹಾಕಿತು. ಅಂದಿನಿಂದ ಈ ಜನರು ವಿಮುಕ್ತರೆನಿಸಿದರು. ಆದರೆ ಕಾಯಿದೆಯು ಹೋದರೂ ಫಲಕವು ಒಡೆಯಲಿಲ್ಲ. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರನೆಂಬ ವಿಮುಕ್ತ ಬುಡಕಟ್ಟಿನ ತರುಣನು ಪೊಲೀಸರ ಹಿಂಸೆಗೆ ಸಿಕ್ಕಿ ಸತ್ತನು. ಲೇಖಕಿ ಮಹಾಶ್ವೇತಾದೇವಿಯವರೂ ಅವರ ಸಂಗಡಿಗರೂ ಕಲ್ಕತ್ತೆಯ ಹೈಕೋರ್ಟಿನವರೆಗೂ ಹೋದುದರಿಂದ ಅವನ ಹೆಂಡತಿಗೆ ಪರಿಹಾರವನ್ನು ಕೊಡಬೇಕೆಂಬ ಆಜ್ಞೆಯಾಯಿತು. ಕಾಯಿದೆಯು ಅಳಿದು ನಲವತ್ತೈದು ವರ್ಷಗಳ ಮೇಲೆ ನಡೆದ ಸಂಗತಿಯಿದು.

ಪರಿಚಯವಿಲ್ಲದಲ್ಲಿ ಭಯವೂ, ವಿಚಾರಮಾಡಲು ಆಲಸ್ಯವೂ ಕೂಡಿದರೆ ಪಡಿಯಚ್ಚು ಸಿದ್ಧವಾಗುವುದು; ಅದಕ್ಕೆ ಅಧಿಕಾರದ ಮುದ್ರೆ ಬಿದ್ದರೆ ಮನುಷ್ಯರ ಬಾಳು ಕೆಡುವುದು. ಶಾಸನವನ್ನು ಸಭೆಗಳು ರದ್ದುಮಾಡಬಹುದು. ಮನೆಯ ಮಾತಿನಲ್ಲಿ, ಮಕ್ಕಳನ್ನು ಹೆದರಿಸುವಾಗ ಆಡುವ ಹೆಸರಿನಲ್ಲಿ, ಬಾಗಿಲಿಗೆ ಬಂದವರನ್ನು ನೋಡುವ ದೃಷ್ಟಿಯಲ್ಲಿ ಉಳಿದಿರುವ ಅಚ್ಚನ್ನು ಒಡೆಯುವ ಕೆಲಸ ಮಾತ್ರ ಓದುಬರಹ ಬಲ್ಲ ಕುಟುಂಬಗಳ ಪಾಲಿಗೇ ಬಂದುದಾಗಿದೆ.