ಏಡಿ ಎರೆ

ಏಡಿ ಎರೆ ಎಂದರೆ ಸಮುದ್ರ, ಅಳಿವೆ ಮತ್ತು ಹಿನ್ನೀರಿನಲ್ಲಿ ಏಡಿಯನ್ನು ಬಲೆಗೋ ಪಂಜರಕ್ಕೋ ಸೆಳೆಯಲು ಕಟ್ಟುವ ಆಹಾರದ ತುಂಡು. ಏಡಿಯನ್ನೇ ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುವ ರೂಢಿಯೂ ಇದೆ. ಅದರ ವಿವರ ಲೇಖನದ ಕೊನೆಯಲ್ಲಿದೆ. ಧಾರವಾಡ ಸೀಮೆಯಲ್ಲಿ ‘ಎರೆ’ ಎಂದೊಡನೆ ಕಪ್ಪು ಮಣ್ಣಿನ ಹೊಲ ನೆನಪಾಗುವುದು ಸಹಜ. ಇಲ್ಲಿ ಆ ಪದವನ್ನು ಗಾಳದ ಎರೆ ಎಂಬ ಅರ್ಥದಲ್ಲಿ ಬಳಸಲಾಗಿದೆ. ಏಡಿಗೆ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎಂಬ ಹೆಸರುಗಳಿವೆ.

ಹುಬ್ಬಳ್ಳಿ-ಧಾರವಾಡಕ್ಕೆ ಹತ್ತಿರದ ಕಡಲು ಉತ್ತರ ಕನ್ನಡದ್ದು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರಸ್ತೆಯಲ್ಲಿ ಸುಮಾರು 160 ಕಿ.ಮೀ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿದೆ.

ಕರಾವಳಿಯ ಏಡಿಗಳು

ಎರೆಯ ಆಯ್ಕೆಯು ಯಾವ ಏಡಿ ಎಲ್ಲಿ ವಾಸಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಕಾಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲಿ, ಕಾಂಡ್ಲಾ ಗಿಡಗಳ ನಡುವೆ ಹಾಗೂ ಗಜನಿ ಭೂಮಿಯ ಕಾಲುವೆಗಳಲ್ಲಿ ಸಿಗುವುದು ಕೆಸರು ಏಡಿ. ಇದರಲ್ಲಿ ಸ್ಕೈಲಾ ಸೆರ್ರೇಟಾ ಮತ್ತು ಸ್ಕೈಲಾ ಒಲಿವೇಸಿಯಾ ಎಂಬ ಎರಡು ಪ್ರಭೇದಗಳಿದ್ದು, ಮೊದಲನೆಯದು ಒಂದು ಕಿಲೋಗ್ರಾಂ ಮೀರಿಯೂ ಬೆಳೆಯುತ್ತದೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ತೆರೆದ ಕಡಲಿನ ಮರಳು ತಳದಲ್ಲಿ ಈಜುವ ಏಡಿಗಳಿವೆ. ಚಿಪ್ಪಿನ ಹಿಂಭಾಗದಲ್ಲಿ ಮೂರು ಕೆಂಪು ಚುಕ್ಕೆಗಳಿರುವುದು ಪೋರ್ಟುನಸ್ ಸಾಂಗ್ವಿನೊಲೆಂಟಸ್. ಶಿಲುಬೆಯಂಥ ಗುರುತಿರುವುದು ಕ್ಯಾರಿಬ್ಡಿಸ್ ಫೆರಿಯಾಟಾ.

ವಾಸನೆಯ ಪಾತ್ರ

ಕೆಸರು ಏಡಿ ಹೆಚ್ಚಾಗಿ ಸಂಜೆಯ ಬಳಿಕ ಬಿಲದಿಂದ ಹೊರಬಂದು, ಕದಡಿದ ನೀರಿನಲ್ಲಿ ಆಹಾರ ಹುಡುಕುತ್ತದೆ. ಅಲ್ಲಿ ಕಣ್ಣಿನ ಉಪಯೋಗ ಕಡಿಮೆ. ತಲೆಯ ಮುಂಭಾಗದ ಕಿರುಮೀಸೆಗಳು ನೀರಿನಲ್ಲಿ ಕರಗಿದ ವಸ್ತುಗಳನ್ನು ಗ್ರಹಿಸುತ್ತವೆ. ಕಾಲಿನ ತುದಿಗಳೂ ರುಚಿಯನ್ನು ಗುರುತಿಸುತ್ತವೆ. ಮಾಂಸದಿಂದ ಸೋರುವ ಅಮೈನೋ ಆಮ್ಲಗಳು ನೀರಿನ ಹರಿವಿನೊಂದಿಗೆ ಸಾಗಿ ಏಡಿಗೆ ದಾರಿ ತೋರುತ್ತವೆ. ಆದ್ದರಿಂದ ಎರೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಮುಖ್ಯವಲ್ಲ. ಅದರ ರಸ ಎಷ್ಟು ಹೊತ್ತು ಸೋರುತ್ತದೆ, ಏಡಿಯ ಕೊಂಬು ಎಳೆದಾಗ ತುಂಡು ಎಷ್ಟು ಹೊತ್ತು ತಾಳುತ್ತದೆ ಎಂಬ ಎರಡೇ ಪ್ರಶ್ನೆಗಳು ಆಯ್ಕೆಯನ್ನು ನಿರ್ಧರಿಸುತ್ತವೆ.

ಏಡಿ ಕೊಳೆತದ್ದನ್ನೇ ಬಯಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸತ್ತ ಪ್ರಾಣಿಗಳನ್ನು ತಿನ್ನುವುದು ನಿಜ. ಆದರೆ ತೀರಾ ಕೊಳೆತ ಮಾಂಸ ಮೆತ್ತಗಾಗಿ ನೀರಿನಲ್ಲಿ ಬೇಗ ಚದುರುತ್ತದೆ. ನಮ್ಮ ಮೂಗಿಗೆ ಬಡಿಯುವ ದುರ್ವಾಸನೆಗೂ ಏಡಿಯನ್ನು ಸೆಳೆಯುವ ರಸಕ್ಕೂ ನೇರ ಸಂಬಂಧವಿಲ್ಲ.

ಎರೆಯ ಆಯ್ಕೆ

ಭೂತಾಯಿ ಮತ್ತು ಬಂಗುಡೆ ಎಣ್ಣೆಯಂಶ ಹೆಚ್ಚಿರುವ ಮೀನುಗಳು. ಅವುಗಳ ವಾಸನೆ ಬೇಗ ಹರಡುತ್ತದೆ, ಆದರೆ ಮಾಂಸ ಮೃದು. ಸಣ್ಣ ಮೀನುಗಳು ಬಂದು ಕಚ್ಚಿ ಬೇಗ ಮುಗಿಸುತ್ತವೆ. ತೊರಕೆ, ಹಾವುಮೀನು ಮೊದಲಾದವುಗಳ ಮಾಂಸ ಗಟ್ಟಿಯಾಗಿದ್ದು, ಚರ್ಮಸಹಿತ ಕತ್ತರಿಸಿದ ತುಂಡು ಹೆಚ್ಚು ಹೊತ್ತು ಉಳಿಯುತ್ತದೆ. ಎಣ್ಣೆಮೀನಿನ ತಲೆಯನ್ನು ಗಟ್ಟಿ ಮಾಂಸದ ತುಂಡಿನೊಂದಿಗೆ ಕಟ್ಟಿದರೆ ಎರಡು ಗುಣಗಳೂ ಒದಗುತ್ತವೆ. ಅನುಕೂಲವಿದ್ದಲ್ಲಿ ಇದೇ ಉತ್ತಮ ಕ್ರಮ. ಮೀನಿನ ತಲೆ, ಕರುಳು, ಬೆನ್ನೆಲುಬು ಮಾರುಕಟ್ಟೆಯಲ್ಲಿ ಉಳಿಯುವ ವಸ್ತುಗಳಾದ್ದರಿಂದ ಖರ್ಚೂ ಕಡಿಮೆ. ತಿನ್ನಲು ಯೋಗ್ಯವಾದ ಮೀನಿನ ಮರಿಗಳನ್ನು ಎರೆಗಾಗಿ ಕೊಲ್ಲುವ ಅಗತ್ಯವಿಲ್ಲ.

ಬಳಚು, ಮರುವಾಯಿ ಮೊದಲಾದ ಚಿಪ್ಪುಜೀವಿಗಳು ಕೆಸರು ಏಡಿಯ ಸಹಜ ಆಹಾರ. ಚಿಪ್ಪನ್ನು ಜಜ್ಜಿ ಸಣ್ಣ ಕಣ್ಣಿನ ಚೀಲದಲ್ಲಿಟ್ಟರೆ ರಸ ನಿಧಾನವಾಗಿ ಹೊರಬರುತ್ತದೆ. ಕೋಳಿಯ ಕಾಲು ಮತ್ತು ಕುತ್ತಿಗೆಯನ್ನೂ ಬಳಸುವುದುಂಟು. ಮೂಳೆ, ಚರ್ಮ ಇರುವುದರಿಂದ ಅವು ಸುಲಭವಾಗಿ ಕಿತ್ತುಹೋಗುವುದಿಲ್ಲ; ಕರಾವಳಿಯಿಂದ ದೂರದವರಿಗೆ ದೊರಕುವುದೂ ಸುಲಭ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ. ತಾಜಾ ಮೀನು ದುಬಾರಿಯಾಗುವ ಆ ದಿನಗಳಲ್ಲಿ ಉಪ್ಪು ಹಾಕಿಟ್ಟ ತುಂಡು ಉಪಯೋಗಕ್ಕೆ ಬರುತ್ತದೆ. ಉಪ್ಪು ಮಾಂಸವನ್ನು ಬಿಗಿಗೊಳಿಸುತ್ತದೆ.

ಶಾರ್ಕ್ ಜಾತಿಯ ಮಾಂಸವನ್ನು ಬಳಸುವಾಗ ಎಚ್ಚರ ಬೇಕು. ತಿಮಿಂಗಿಲ ಶಾರ್ಕ್, ಗರಗಸ ಮೀನು ಸೇರಿದಂತೆ ಕೆಲವು ಪ್ರಭೇದಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ಕಟ್ಟುವ ಕ್ರಮ ಮತ್ತು ಎಚ್ಚರಿಕೆಗಳು

ಕಬ್ಬಿಣದ ಬಳೆಗೆ ಬಲೆ ಹೊಲಿದು, ನಡುವೆ ಎರೆ ಕಟ್ಟಿ ತಳಕ್ಕೆ ಇಳಿಸಿ, ಆಗಾಗ ಎತ್ತಿ ನೋಡುವುದು ಸರಳ ವಿಧಾನ. ಎರೆಯು ಬಲೆಯ ನಡುಭಾಗದಲ್ಲೇ ಇರಬೇಕು. ಅಂಚಿನಲ್ಲಿದ್ದರೆ ಏಡಿ ಹೊರಗೆ ನಿಂತೇ ತಿಂದು ಹೋಗುತ್ತದೆ. ನೀರು ನಿಂತಲ್ಲಿ ವಾಸನೆ ಸಾಗದು, ಹರಿವು ರಭಸವಾದರೆ ತೆಳುವಾಗಿ ಕಳೆದುಹೋಗುತ್ತದೆ. ಆದ್ದರಿಂದ ಉಬ್ಬರ-ಇಳಿತಗಳ ಮಂದ ಹರಿವು ಅನುಕೂಲಕರ. ಕೆಲವು ಗಂಟೆಗಳಲ್ಲಿ ಬಿಳಿಚಿಕೊಂಡ ತುಂಡು ರಸ ಕಳೆದುಕೊಂಡಿರುತ್ತದೆ, ಅದನ್ನು ಬದಲಿಸಬೇಕು.

ಎಷ್ಟೇ ಒಳ್ಳೆಯ ಎರೆಯಾದರೂ ಅದು ದೊಡ್ಡದು, ಚಿಕ್ಕದು, ಮೊಟ್ಟೆ ಹೊತ್ತದ್ದು ಎಂಬ ಭೇದ ಮಾಡುವುದಿಲ್ಲ. ಆ ಆಯ್ಕೆ ಹಿಡಿಯುವವನದು. ಹೊಟ್ಟೆಯಡಿ ಮೊಟ್ಟೆಯ ಗೊಂಚಲಿರುವ ಹೆಣ್ಣನ್ನೂ ಮರಿಗಳನ್ನೂ ಮರಳಿ ನೀರಿಗೆ ಬಿಡಬೇಕು. ಪಂಜರ ಕಳೆದುಹೋದರೆ ಹಾನಿ ಇನ್ನೂ ಹೆಚ್ಚು: ಒಳಗೆ ಸಿಕ್ಕಿ ಸತ್ತ ಏಡಿಯೇ ಮುಂದಿನ ಏಡಿಗೆ ಎರೆಯಾಗಿ, ಯಾರೂ ಎತ್ತದ ಪಂಜರ ಬಹುಕಾಲ ಜೀವಿಗಳನ್ನು ಕೊಲ್ಲುತ್ತಲೇ ಇರುತ್ತದೆ. ಪಂಜರದ ಬಾಗಿಲನ್ನು ಹತ್ತಿಯ ದಾರದಿಂದ ಕಟ್ಟಿದರೆ ಅದು ಕಾಲಕ್ರಮದಲ್ಲಿ ಕೊಳೆತು ದಾರಿ ತೆರೆಯುತ್ತದೆ. ನೈಲಾನ್ ದಾರ ಹಾಗಲ್ಲ.

ಏಡಿಯೇ ಎರೆಯಾದಾಗ

ಗ್ರೂಪರ್, ಸ್ನ್ಯಾಪರ್ ಮೊದಲಾದ ಬಂಡೆಯ ನಡುವಿನ ಮೀನುಗಳು ಏಡಿಯನ್ನು ತಿನ್ನುತ್ತವೆ. ಗಾಳಕ್ಕೆ ಹೆಚ್ಚು ಬೆಲೆಯುಳ್ಳ ಎರೆಯೆಂದರೆ ಚಿಪ್ಪು ಕಳಚುವ ಹಂತದ ಏಡಿ. ಹಳೆಯ ಚಿಪ್ಪು ಸಡಿಲಗೊಂಡು ಒಳಗೆ ಹೊಸ ಮೃದು ಚಿಪ್ಪು ರೂಪುಗೊಂಡಿರುವಾಗ ಅದನ್ನು ಸುಲಿದು ತುಂಡರಿಸಿ, ನೂಲಿನಿಂದ ಗಾಳಕ್ಕೆ ಬಿಗಿಯುತ್ತಾರೆ. ಬ್ರಿಟನ್ನಿನ ಕಡಲ ಗಾಳಗಾರರಲ್ಲಿ ಈ ಪದ್ಧತಿ ಬಹಳ ಪ್ರಚಲಿತ. ಗಟ್ಟಿ ಚಿಪ್ಪಿನ ಚಿಕ್ಕ ಏಡಿಯಾದರೆ ಕೊಂಬು ಮುರಿದು ಇಡಿಯಾಗಿ ಬಳಸಬಹುದು. ಕೆಸರು ಏಡಿಯ ಮರಿಯನ್ನು ಇದಕ್ಕೆ ಬಳಸುವುದು ನಷ್ಟದ ಲೆಕ್ಕ, ಏಕೆಂದರೆ ಬೆಳೆದ ಕೆಸರು ಏಡಿಯ ಬೆಲೆ ಅದರಿಂದ ಸಿಗುವ ಅನೇಕ ಮೀನುಗಳ ಬೆಲೆಗಿಂತ ಹೆಚ್ಚು.