ವಾಯುಶೀತಲ ಎಂಜಿನು ಮತ್ತು ದಾರಿಯ ಪರೀಕ್ಷೆ

ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಯ ಸ್ಥಾಪನೆ, ಉತ್ಪಾದನೆ, ಮುಚ್ಚುಗಡೆಗಳನ್ನು ಕ್ರಮವಾಗಿ ನಿರೂಪಿಸುವುದು ವಾಡಿಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೂ ಅಂತಹ ನಿರೂಪಣೆಯುಂಟು. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯೊಡನೆ 1961ರಲ್ಲಿ ಅಲ್ಲಿ ಮೋಟಾರು ಸೈಕಲುಗಳ ತಯಾರಿಕೆ ಮೊದಲಾಯಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರನ್ನು ತಳೆದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ವರ್ಷಗಳ ಮರೆಯಲ್ಲಿ ಇನ್ನೊಂದು ಚರಿತ್ರೆಯಿದೆ. ಅದು ಶಾಖಕ್ಕೆ ಹಿಗ್ಗುವ ಲೋಹವನ್ನು ಪಳಗಿಸಿದವರ ಚರಿತ್ರೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಜಾವಾದ ಎಂಜಿನು 250 ಸಿ.ಸಿ. ವರ್ಗದ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಯಂತ್ರ. ಅದನ್ನು ತಣಿಸುವುದಕ್ಕೆ ನೀರಿಲ್ಲ. ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ನಡುವೆ ಹಾಯುವ ಗಾಳಿಯೇ ಆಧಾರ. ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನಿನ ವ್ಯಾಸ 65 ಮಿ.ಮೀ. ಅದರ ಶಾಖ 200 ಡಿಗ್ರಿಗಳಷ್ಟೂ ಸಿಲಿಂಡರಿನ ಶಾಖ 100 ಡಿಗ್ರಿಗಳಷ್ಟೂ ಏರಿತೆಂದು ಭಾವಿಸೋಣ. ಪಿಸ್ಟನ್ನು ಶುದ್ಧ ಅಲ್ಯೂಮಿನಿಯಮಿನದಾದರೆ ಸುಮಾರು 0.30 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರು 0.07 ಮಿ.ಮೀ. ಮಾತ್ರ. ತಣ್ಣಗಿದ್ದಾಗ ಸರಾಗವಾಗಿ ಆಡುತ್ತಿದ್ದ ಪಿಸ್ಟನ್ನು ಕಾದಾಗ ಬಿಗಿದುಕೊಳ್ಳಲು ಈ ವ್ಯತ್ಯಾಸವೇ ಸಾಕು. ಆದುದರಿಂದಲೇ ಪಿಸ್ಟನ್ನಿನ ಮಿಶ್ರಲೋಹಕ್ಕೆ ಸಿಲಿಕಾನನ್ನು ಸೇರಿಸಿ ಹಿಗ್ಗುವಿಕೆಯನ್ನು ತಗ್ಗಿಸುವುದು, ಹೆಚ್ಚು ಕಾಯುವ ತಲೆಯ ಭಾಗವನ್ನು ತುಸು ಕಿರಿದಾಗಿ ಕಡೆಯುವುದು ರೂಢಿಗೆ ಬಂದುವು.

ಈ ತಿಳಿವಳಿಕೆ ಕೇವಲ ಲೆಕ್ಕದಿಂದ ಬಂದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಿಬ್ಸನ್ ಮತ್ತು ಹೆರಾನ್ ಎಂಬುವರು ವಿಮಾನ ಎಂಜಿನುಗಳ ವಾಯುಶೀತಲ ಸಿಲಿಂಡರುಗಳನ್ನು ಒಂದೊಂದಾಗಿ ಓಡಿಸಿ ಪರೀಕ್ಷಿಸಿದರು. ಶಾಖವನ್ನು ಬೇಗ ಸಾಗಿಸುವ ಅಲ್ಯೂಮಿನಿಯಮಿನ ತಲೆಯೂ ರೆಕ್ಕೆಗಳ ಸರಿಯಾದ ಆಕಾರವೂ ಎಷ್ಟು ಮುಖ್ಯವೆಂಬುದು ಆ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಆದರೂ ಪರೀಕ್ಷಾಶಾಲೆಯ ಗಾಳಿ ಬೇರೆ, ದಾರಿಯ ಗಾಳಿ ಬೇರೆ. ಮೈಸೂರಿಗೆ ರಾಜ್ಯದ ಮತ್ತೊಂದು ತುದಿಯಲ್ಲಿರುವ ಅಥಣಿ ತಾಲೂಕಿನ ಐಗಳಿಯಂತಹ ಬಯಲುಸೀಮೆಯ ಊರನ್ನು ನೆನೆಯೋಣ. ಬೇಸಗೆಯ ನಡುಹಗಲಿನಲ್ಲಿ, ಹಿಂದೆ ಒಬ್ಬ ಸವಾರನನ್ನೂ ಒಂದು ಚೀಲವನ್ನೂ ಹೊತ್ತ ವಾಹನವು ಕಬ್ಬಿನ ಗಾಡಿಗಳ ಹಿಂದೆ ಕೆಳಗಿನ ಗೇರಿನಲ್ಲಿ ತೆವಳುವಾಗ ಎಂಜಿನಿನ ದುಡಿಮೆ ಹೆಚ್ಚು, ತಗಲುವ ಗಾಳಿ ಕಡಮೆ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆ ಸಾಲದಿದ್ದರಂತೂ ಅಪಾಯ ಇಮ್ಮಡಿಸುತ್ತದೆ. ಪಿಸ್ಟನ್ನು ಹಿಡಿದುಕೊಂಡರೆ ಹಿಂದಿನ ಚಕ್ರವೂ ಥಟ್ಟನೆ ನಿಂತು ಸವಾರನು ಉರುಳಬಹುದು. ಹಾಗೆಂದು ಎಡೆಯನ್ನು ಅತಿಯಾಗಿ ಬಿಟ್ಟರೆ ಎಂಜಿನು ಕುಟ್ಟುತ್ತದೆ, ಬಲವೂ ಕುಂದುತ್ತದೆ. ಸಿಲಿಂಡರನ್ನು ಹೊಸದಾಗಿ ಬೋರು ಮಾಡಿಸಿದ ಮೆಕ್ಯಾನಿಕನು ಈ ಎರಡು ದೋಷಗಳ ನಡುವೆ ಕೂದಲೆಳೆಯಷ್ಟು ಎಡೆಯನ್ನು ಗೊತ್ತುಪಡಿಸಬೇಕು. ಬಳಿಕ ಕೆಲವು ನೂರು ಮೈಲಿ ಮೆಲ್ಲಗೆ ಓಡಿಸೆಂದು ಸವಾರನಿಗೆ ಹೇಳಬೇಕು. ಆ ಓಟವೇ ಕೊನೆಯ ಪರೀಕ್ಷೆ. ಅದರ ಫಲವನ್ನು ನಕ್ಷೆಯಲ್ಲಿ ಕಾಣಲಾಗದು. ಬಿಚ್ಚಿದ ಪಿಸ್ಟನ್ನಿನ ಮೈಮೇಲಿನ ಗೀರುಗಳಲ್ಲಿ ಓದಬೇಕು.

ಇಂತಹ ಗೀರುಗಳೂ ಚರಿತ್ರೆಗೆ ಆಧಾರಗಳೇ ಎಂಬುದು ನಮ್ಮ ಅಭಿಪ್ರಾಯ. ಕಾರ್ಖಾನೆಯ ಕಾಗದಪತ್ರಗಳು ಯಂತ್ರವು ಹೇಗಿರಬೇಕಿತ್ತೆಂಬುದನ್ನು ತಿಳಿಸುತ್ತವೆ. ಅದು ಹೇಗೆ ಬಾಳಿತೆಂಬುದನ್ನು ಗ್ಯಾರೇಜಿನ ಹಿರಿಯನು ಮಾತ್ರ ಬಲ್ಲನು. ಶಾಸನಗಳನ್ನು ಅರಸುತ್ತ ಹಳ್ಳಿಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಈ ಹಿರಿಯರನ್ನೂ ಕಂಡು, ಅವರು ಯಾವ ದಾರಿಗೆ, ಯಾವ ಕಾಲಕ್ಕೆ, ಎಷ್ಟು ಎಡೆ ಬಿಡುತ್ತಿದ್ದರೆಂಬುದನ್ನು ಬರೆದುಕೊಳ್ಳಬೇಕು. ಕಲ್ಲಿನ ಬರಹ ಇನ್ನೂ ಕೆಲವು ಕಾಲ ಕಾದಿರಬಲ್ಲದು. ಕೈಯ ಅರಿವು ಕಾಯಲಾರದು.